ಕೆಂಪು ಗೆರೆ

ಗುರು ಅಂದ ತಕ್ಷಣ ಜಡೆ, ಕಮಂಡಲ, ಹುಲಿಚರ್ಮ ಅಂತೆಲ್ಲ ಕಣ್ಣ ಮುಂದೆ ತಂದುಕೊಳ್ಳಬೇಡಿ. ಈ ಗುರುವಿಗೆ ಇದ್ದದ್ದು ಒಂದು ಬೆತ್ತದ ಕುರ್ಚಿ, ಒಂದು ಊರುಗೋಲು, ಬೇಸಗೆಯಲ್ಲೂ ಮೈತುಂಬ ಹೊದ್ದುಕೊಳ್ಳುವ ಒಂದು ಕಂದು ಶಾಲು. ಕಪಿಲಾ ಹೊಳೆಯ ದಂಡೆಯಲ್ಲಿ, ನೀರೆತ್ತುವುದು ಎಂದೋ ನಿಂತುಹೋಗಿದ್ದ ಪಂಪ್‌ಹೌಸಿನಲ್ಲಿ ವಾಸ.

ಹೆಸರು ಆರಾಧ್ಯರು. ಮೂವತ್ತು ವರ್ಷ ವಾಯುಸೇನೆಯಲ್ಲಿ ವಿಮಾನ ರಿಪೇರಿ ಮಾಡಿ ಬಂದವರು. ಊರಿನವರು ಅವರನ್ನು ಅರೆಹುಚ್ಚ ಅಂತಿದ್ದರು. ಜನಕ್ಕೇನು, ಅಂದುಕೊಳ್ಳಲಿ.

ಶಿಷ್ಯರು ಅಂತ ಇದ್ದವರು ಇಬ್ಬರೇ. ಅಣ್ಣ ಇಂದುಧರ, ತಮ್ಮ ನಾಗಭೂಷಣ. ತಮ್ಮ ತೀರಿಹೋಗಿ ಹನ್ನೊಂದು ತಿಂಗಳಾಗಿತ್ತು.

ಅಣ್ಣತಮ್ಮಂದಿರು ಗುರುವಿನ ಹತ್ತಿರ ಬಂದದ್ದು ಮೋಕ್ಷಕ್ಕಲ್ಲ, ವಿಮಾನಕ್ಕೆ. ಮನೆಯಲ್ಲೇ ಜೋಡಿಸಿ ಹಾರಿಸುವ ಪುಟ್ಟ ವಿಮಾನದ ಕಿಟ್ಟೊಂದನ್ನು ಭೂಷಣ ತರಿಸಿದ್ದ. ಅಲ್ಮೇರಾ ಗಾತ್ರದ ಎರಡು ಮರದ ಪೆಟ್ಟಿಗೆ. ಅದರ ತುಂಬ ಅಲ್ಯೂಮಿನಿಯಂ ತಗಡು, ತಗಡಿಗೆ ಹೊಡೆಯುವ ರಿವೆಟ್ಟು, ನಟ್ಟು ಬೋಲ್ಟು. ಲಾರಿಯಿಂದ ಇಳಿಸುವಾಗ ಎದುರುಮನೆಯವರು "ಫ್ರಿಜ್ಜಾ?" ಅಂತ ಕೇಳಿದರು.

"ಅಲ್ಲ, ವಿಮಾನ" ಅಂದ ಭೂಷಣ. ಅವರು ನಕ್ಕು ಒಳಗೆ ಹೋದರು.

ಕಾರ್ ಶೆಡ್ಡಿನಲ್ಲಿ ವಿಮಾನದ ಒಡಲು ಎದ್ದಿತು. ರೆಕ್ಕೆಗಳು ಅಲ್ಲಿ ಹಿಡಿಸಲಿಲ್ಲ, ಮನೆಯ ಹಾಲಿಗೆ ಬಂದವು. ಸೋಫಾ, ಮಂಚ ಎಲ್ಲ ಅಡುಗೆಮನೆ ಸೇರಿದವು. ಬಲರೆಕ್ಕೆ ಅಣ್ಣನ ಪಾಲು, ಎಡರೆಕ್ಕೆ ತಮ್ಮನ ಪಾಲು. ಭೂಷಣನ ಹೆಂಡತಿ ಮಂಗಳಾ ಆರು ವರ್ಷ ರೆಕ್ಕೆಗಳ ಕೆಳಗೆ ಬಗ್ಗಿ ಕಸ ಗುಡಿಸಿದಳು, ಒಂದು ದಿನವೂ ಗೊಣಗಲಿಲ್ಲ.

ಕಲಿಸಿದವರು ಆರಾಧ್ಯರು. ಅವರ ಕಲಿಸುವ ರೀತಿಯೇ ಬೇರೆ. ಯಾವುದನ್ನೂ ತಾವು ಮುಟ್ಟಿ ತೋರಿಸುತ್ತಿರಲಿಲ್ಲ. ಶಾಲಿನೊಳಗೆ ಕೈ ಇಟ್ಟುಕೊಂಡು ಕುರ್ಚಿಯಲ್ಲಿ ಕೂತು, "ನೀನು ಮಾಡು" ಅನ್ನೋರು. ಒಂದೇ ನಟ್ಟನ್ನು ನೂರು ಸಲ ಹಾಕಿಸಿ ನೂರು ಸಲ ಬಿಚ್ಚಿಸಿದ್ದರು. ಬಾಳೆಹಣ್ಣು ಕೊಟ್ಟರೆ ಅದನ್ನೂ ಶಿಷ್ಯರೇ ಸುಲಿದು ಕೊಡಬೇಕು.

"ಮುಟ್ಟದೇ ಕಲಿಸೋದು ಅಂದ್ರೆ ಇದಪ್ಪಾ!" ಅಂತ ಇಂದುಧರ ಕಂಡಕಂಡವರ ಹತ್ತಿರ ಹೊಗಳಿಕೊಂಡು ತಿರುಗುತ್ತಿದ್ದ.

ಮೊದಲ ದಿನದ ಪಾಠ ಒಂದು ಸ್ಪ್ಯಾನರಿನದು. ಗುರುಗಳ ಹತ್ತಿರ ಒಂದು ಉದ್ದ ಹಿಡಿಯ ಸ್ಪ್ಯಾನರಿತ್ತು. ನಟ್ಟು ಎಷ್ಟು ಬಿಗಿಯಾಗಬೇಕೋ ಅಷ್ಟು ಬಿಗಿಯಾದಾಗ ಅದು ಟಕ್ ಅನ್ನುತ್ತದೆ. ಆಮೇಲೆ ನಟ್ಟಿನಿಂದ ಬೋಲ್ಟಿಗೆ ಅಡ್ಡವಾಗಿ ಬ್ರಶ್ಶಿನಲ್ಲಿ ಒಂದು ಕೆಂಪು ಗೆರೆ ಎಳೆಯಬೇಕು. ಮುಂದೆ ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಕಣ್ಣಿಗೆ ಹೊಡೆಯುತ್ತದೆ.

"ಟಕ್ ಅನ್ನಿಸಿದ ಕೈಯೇ ಗೆರೆ ಎಳೀಬೇಕು. ಇನ್ನೊಬ್ಬ ಎಳೀಕೂಡದು, ಟಕ್ ಅನ್ನದೇ ಎಳೀಕೂಡದು. ಗೆರೆ ಅಂದ್ರೆ ಆಣೆ ಇಟ್ಟ ಹಾಗೆ" ಅಂದಿದ್ದರು ಗುರುಗಳು.

ಭೂಷಣ ತಕ್ಷಣ ತಲೆಯಾಡಿಸಿದ್ದ. ಅವನಿಗೆ ಯಾವುದೂ ಎರಡು ಸಲ ಹೇಳಬೇಕಾಗಿರಲಿಲ್ಲ. ಗುರುಗಳಿಗೆ ಅವನೆಂದರೆ ಒಂದು ತೂಕ ಹೆಚ್ಚೇ. ಇಂದುಧರನಿಗೆ ಅದು ಗೊತ್ತಿತ್ತು, ಹೊಟ್ಟೆಕಿಚ್ಚೇನೂ ಪಡಲಿಲ್ಲ. ತಮ್ಮ ತಾನೇ.

ಆಮೇಲೆ ಆ ಹಾಳು ಕಾಯಿಲೆ ಬಂತು. ಮೊದಲು ಕೈ ಸೊರಗಿತು, ಆಮೇಲೆ ಕಾಲು, ಆಮೇಲೆ ಮಾತು. ಮಾತು ಪೂರ್ತಿ ನಿಲ್ಲುವ ಮುಂಚೆ ಭೂಷಣ ಅಣ್ಣನನ್ನು ಹತ್ತಿರ ಕರೆದ.

"ಅಣ್ಣ, ಅದು ಒಂದೇ ಒಂದು ಸಲ ನೆಲ ಬಿಡಲಿ. ಪಕ್ಕದ ಸೀಟಲ್ಲಿ ಮಂಗಳನ್ನ ಕೂರಿಸು. ಅವಳಿಗೆ ಮಾತು ಕೊಟ್ಟಿದ್ದೀನಿ."

"ಆಯ್ತು ಕಣೋ" ಅಂದ ಇಂದುಧರ.

ಅಂದದ್ದಕ್ಕೆ ತಪ್ಪಲಿಲ್ಲ. ನಲವತ್ತಮೂರನೇ ವಯಸ್ಸಿನಲ್ಲಿ ವಿಮಾನ ಹಾರಿಸಲು ಕಲಿತ. ಉಳಿದ ಕೆಲಸ ಒಬ್ಬನೇ ಮುಗಿಸಿದ. ಈಗ ಬೇಕಾಗಿದ್ದದ್ದು ಕೆಲಸದ ಪುಸ್ತಕದ ಕೊನೇ ಪುಟದಲ್ಲಿ ಗುರುಗಳ ಒಂದು ಸಹಿ. ಅದು ಬಿದ್ದರೆ ಬರುವ ವಾರ ವಿಮಾನ ಹಾರಾಟದ ಬಯಲಿಗೆ ಹೊರಡುವುದು.

ಆ ಬೆಳಿಗ್ಗೆ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಹೊಳೆದಂಡೆಗೆ ಬಂದ.

"ಸಹಿ ಹಾಕಿ ಗುರುಗಳೇ. ಪೆನ್ನೂ ತಂದಿದ್ದೀನಿ."

ಆರಾಧ್ಯರು ಹೊಳೆ ನೋಡುತ್ತ ಕೂತಿದ್ದರು. ಹೊಳೆಯಲ್ಲಿ ನೋಡುವಂಥದ್ದೇನೂ ಇರಲಿಲ್ಲ. ನೀರು ತಳ ಕಂಡಿತ್ತು.

"ಪೆನ್ನು ಇರಲಿ. ಗೋಡೆ ಮೇಲಿನ ಸ್ಪ್ಯಾನರ್ ತಗೋ" ಅಂದರು.

ಇಂದುಧರ ಬಟ್ಟೆ ಸುತ್ತಿ ನೇತುಹಾಕಿದ್ದ ಸ್ಪ್ಯಾನರನ್ನು ಇಳಿಸಿದ.

"ಮನೆಗೆ ಹೋಗಿ ಎಡರೆಕ್ಕೆ ಬಿಚ್ಚು."

ಇಂದುಧರನಿಗೆ ಕಿವಿಯನ್ನೇ ನಂಬಲಾಗಲಿಲ್ಲ. "ಎಡರೆಕ್ಕೆ ಭೂಷಣಂದು ಗುರುಗಳೇ."

"ಗೊತ್ತು."

"ಅದಕ್ಕೆ ನೀವೇ ಸಹಿ ಹಾಕಿದ್ದೀರಿ. ನೋಡಿ, ಇಲ್ಲೇ ಇದೆ."

ಪುಟ ತೆಗೆದು ತೋರಿಸಿದ. ಮಾಡಿದವರು, ನಾಗಭೂಷಣ. ಪರೀಕ್ಷಿಸಿದವರು, ಆರಾಧ್ಯ. ಗುರುಗಳ ಅಕ್ಷರ ಕೋಳಿಕಾಲಿನ ಹಾಗಿತ್ತು.

"ಹಾಕಿದ್ದೀನಿ. ಅದಕ್ಕೇ ಬಿಚ್ಚು ಅಂದೆ" ಅಂದರು ಆರಾಧ್ಯರು.

ಇಂದುಧರನಿಗೆ ಸಿಟ್ಟು ನೆತ್ತಿಗೇರಿತು. ರೆಕ್ಕೆ ಬಿಚ್ಚುವುದು ಅಂದರೆ ಸುಮ್ಮನೆ ಡಬ್ಬಿ ಮುಚ್ಚಳ ತೆಗೆದಂತಲ್ಲ. ಕೆಳಗಿನ ತಗಡಿನ ಮುನ್ನೂರು ರಿವೆಟ್ಟನ್ನು ಒಂದೊಂದಾಗಿ ಡ್ರಿಲ್ ಮಾಡಿ ತೆಗೆಯಬೇಕು. ಆ ತಗಡು ಮತ್ತೆ ಕೆಲಸಕ್ಕೆ ಬರುವುದಿಲ್ಲ. ಅದೂ ಹೋಗಲಿ, ಸತ್ತವನ ಕೆಲಸದ ಮೇಲೆ ಅನುಮಾನವೇ? ಅದೂ ಭೂಷಣನ ಕೆಲಸದ ಮೇಲೆ?

"ನನ್ನ ರೆಕ್ಕೆ ಬೇಕಾದ್ರೆ ಬಿಚ್ಚಿಸಿ. ಅವನದು ನನ್ನದಕ್ಕಿಂತ ಎಷ್ಟೋ ಪಾಲು ಚೆನ್ನಾಗಿದೆ."

"ನಿನ್ನದು ಬೇಡ."

"ಯಾಕೆ ಅಂತ ಹೇಳಿ."

ಗುರುಗಳು ಮತ್ತೆ ಹೊಳೆ ಕಡೆ ತಿರುಗಿದರು. ಇಂದುಧರ ನಮಸ್ಕಾರ ಕೂಡ ಮಾಡದೆ ಹೊರಟುಬಿಟ್ಟ. ಹಿಂದೆಂದೂ ಹಾಗೆ ಮಾಡಿದವನಲ್ಲ.

ಮೂರು ದಿನ ಹೊಳೆಕಡೆ ತಲೆ ಹಾಕಲಿಲ್ಲ. ಬೆಳಿಗ್ಗೆ ಎದ್ದು ಹಾಲಿಗೆ ಹೋಗಿ ಎಡರೆಕ್ಕೆಯ ಪಕ್ಕ ನಿಲ್ಲುವುದು, ಅದರ ಮೈಮೇಲೆ ಕೈಯಾಡಿಸುವುದು, ಬರುವುದು. ಮುದುಕನಿಗೆ ಅರಳುಮರಳು ಅಂತ ತನಗೆ ತಾನೇ ಹೇಳಿಕೊಂಡ. ಆದರೂ ಏನೋ ಕೊರೆಯುತ್ತಿತ್ತು. ನಾಲ್ಕನೇ ದಿನ ಮತ್ತೆ ಹೋಗಿ ನಿಂತ.

"ಬಿಚ್ಚದೇ ಹೋದ್ರೆ ಏನಾಗುತ್ತೆ ಗುರುಗಳೇ?"

"ಪಕ್ಕದ ಸೀಟಲ್ಲಿ ಯಾರನ್ನ ಕೂರಿಸ್ತೀಯಾ?"

"ಮಂಗಳನ್ನ."

"ಹಾಗಾದ್ರೆ ನನ್ನನ್ನ ಯಾಕೆ ಕೇಳ್ತೀಯಾ? ಅವಳನ್ನ ಕೇಳು."

ಮನೆಗೆ ಬಂದು ಕೇಳಿದ. ಮಂಗಳಾ ಹುರುಳಿಕಾಯಿ ಸೋಸುತ್ತ ಕೂತಿದ್ದಳು. ತಲೆ ಎತ್ತಲಿಲ್ಲ.

"ಬಿಚ್ಚಿ ಭಾವ" ಅಂದಳು.

ಅಷ್ಟು ಬೇಗ ಹೇಳುತ್ತಾಳೆ ಅಂತ ಇಂದುಧರ ಅಂದುಕೊಂಡಿರಲಿಲ್ಲ. ಅಳುತ್ತಾಳೆ, ಬೇಡ ಅನ್ನುತ್ತಾಳೆ, ತಾನು ಅದನ್ನೇ ನೆಪ ಮಾಡಿಕೊಂಡು ಸುಮ್ಮನಾಗಬಹುದು ಅಂತಿದ್ದ. ಈಗ ದಾರಿಯೇ ಉಳಿಯಲಿಲ್ಲ.

ಮಾರನೇ ದಿನ ಗುರುಗಳನ್ನು ಆಟೋದಲ್ಲಿ ಕರೆತಂದು ಹಾಲಿನಲ್ಲಿ ಕುರ್ಚಿ ಹಾಕಿ ಕೂರಿಸಿದ. ಎರಡು ವರ್ಷದ ಹಿಂದೆ ಇದೇ ಕುರ್ಚಿಯಲ್ಲಿ, ಇದೇ ಜಾಗದಲ್ಲಿ ಕೂತು ಅವರು ಎಡರೆಕ್ಕೆಯ ಒಳಗೆ ಟಾರ್ಚ್ ಬಿಡಿಸಿ ನೋಡಿದ್ದರು. ಅವತ್ತು ಭೂಷಣ, "ಕೈ ಉಳುಕಿದೆ ಅಣ್ಣ, ಕೆಳಗಿನ ತಗಡು ನೀನೇ ಮುಚ್ಚಿಬಿಡು" ಅಂದಿದ್ದ. ಗುರುಗಳು ಸಹಿ ಹಾಕಿದರು. ಇಂದುಧರ ಒಂದೇ ಮಧ್ಯಾಹ್ನದಲ್ಲಿ ತಗಡು ಮುಚ್ಚಿ ರಿವೆಟ್ ಹೊಡೆದಿದ್ದ. ಮೂವರೂ ಹೋಳಿಗೆ ತಿಂದಿದ್ದರು.

ಈಗ ಅದೇ ರಿವೆಟ್ಟುಗಳನ್ನು ಡ್ರಿಲ್ ಮಾಡುತ್ತ ಹೋದ. ಗರ್ರ್ ಅಂತ ಒಂದು, ಗರ್ರ್ ಅಂತ ಇನ್ನೊಂದು. ಪ್ರತಿ ಸಲವೂ ಅವನ ಹಲ್ಲು ಜುಮ್ಮೆನ್ನುತ್ತಿತ್ತು. ಮಂಗಳಾ ಉದುರಿದ ಚೂರುಗಳನ್ನು ಮೊರಕ್ಕೆ ಬಳಿದುಕೊಂಡಳು. ಮಧ್ಯಾಹ್ನದ ಹೊತ್ತಿಗೆ ತಗಡು ಕಳಚಿ ಬಂತು.

ಒಳಗೆ ಎಲ್ಲ ಫಳಫಳ ಅನ್ನುತ್ತಿತ್ತು. ರೆಕ್ಕೆಯ ಉದ್ದಕ್ಕೂ ಹೋದ ತೊಲೆ. ವಿಮಾನವನ್ನು ಎಡಕ್ಕೆ ಬಲಕ್ಕೆ ವಾಲಿಸುವ ಸಲಾಕೆಗಳು ಆ ತೊಲೆಗೆ ಹದಿನಾಲ್ಕು ನಟ್ಟಿನಲ್ಲಿ ಕೂತಿದ್ದವು. ಹದಿನಾಲ್ಕರ ಮೇಲೂ ಕೆಂಪು ಗೆರೆ. ಎಲ್ಲಾ ನೇರ, ಎಲ್ಲಾ ಒಂದೇ ಅಳತೆ. ಭೂಷಣನ ಕೈ ಅಂದರೆ ಕೈ.

ಇಂದುಧರನ ಎದೆಯ ಮೇಲಿನ ಕಲ್ಲು ಇಳಿಯಿತು. "ನೋಡಿ ಗುರುಗಳೇ, ನಾನು ಹೇಳಲಿಲ್ವಾ? ನೋಡಿ ಬೇಕಾದ್ರೆ!"

"ನೋಡಿದ್ದು ಸಾಕು. ಸ್ಪ್ಯಾನರ್ ಹಾಕು."

ಮೊದಲನೇ ನಟ್ಟಿಗೆ ಹಾಕಿ ಎಳೆದ. ಟಕ್.

ಎರಡನೆಯದು ಟಕ್. ಮೂರು, ನಾಲ್ಕು, ಐದು. ಟಕ್, ಟಕ್, ಟಕ್.

ಆರನೆಯದಕ್ಕೆ ಹಾಕಿ ಎಳೆದಾಗ ಸ್ಪ್ಯಾನರ್ ಸದ್ದಿಲ್ಲದೆ ಜರುಗಿತು. ಕೆಂಪು ಗೆರೆ ಎರಡು ತುಂಡಾಯಿತು. ಕಾಲು ಸುತ್ತು ತಿರುಗಿದ ಮೇಲೆ ಟಕ್ ಅಂದಿತು.

ಇಂದುಧರ ನಿಂತುಬಿಟ್ಟ.

"ಮುಂದಿಂದು" ಅಂದರು ಗುರುಗಳು.

ಏಳನೆಯದು ಕಾಲು ಸುತ್ತಿಗಿಂತ ಜಾಸ್ತಿ. ಎಂಟನೆಯದು ಅರ್ಧ. ಹತ್ತನೆಯದು ಒಂದು ಸುತ್ತು. ಒಂದೊಂದು ನಟ್ಟಿಗೂ ಹಿಂದಿನದಕ್ಕಿಂತ ಹೆಚ್ಚು. ಹದಿನಾಲ್ಕನೆಯದು ಎರಡು ಸುತ್ತು ತಿರುಗಿತು. ಗೆರೆಗಳು ಮಾತ್ರ ಅಷ್ಟೇ ನೇರವಾಗಿದ್ದವು.

ಇಂದುಧರ ಸ್ಪ್ಯಾನರ್ ಕೆಳಗಿಟ್ಟು ನೆಲದ ಮೇಲೆ ಕೂತ. ಮೇಲೆ ಗಾಳಿಯಲ್ಲಿ ರೆಕ್ಕೆ ಅದುರಿ ಅದುರಿ ಆ ಒಂಬತ್ತು ನಟ್ಟು ಏನಾಗುತ್ತಿದ್ದವು ಅಂತ ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಸೋಮವಾರ ಬಯಲು. ಬುಧವಾರವೋ ಗುರುವಾರವೋ ಹಾರಾಟ. ಪಕ್ಕದ ಸೀಟಿನಲ್ಲಿ ಮಂಗಳಾ.

"ಟಕ್ ಅನ್ನದೇ ಗೆರೆ ಎಳೆದಿದ್ದಾನೆ. ಗೊತ್ತಿದ್ದೂ ಗೊತ್ತಿದ್ದೂ ಎಳೆದಿದ್ದಾನೆ. ನಾನು ಹಾರಿಸ್ತೀನಿ, ನೀನು ಕೂರ್ತೀಯಾ ಅಂತ ಗೊತ್ತಾದ ಮೇಲೂ ಹೇಳಲಿಲ್ಲವಲ್ಲಮ್ಮ ಅವನು! ನಮ್ಮನ್ನ ಸಾಯಿಸ್ತಿದ್ದನಲ್ಲ!"

ತಮ್ಮ ಸತ್ತಾಗಲೂ ಇಷ್ಟು ನೋವಾಗಿರಲಿಲ್ಲ. ಅವತ್ತು ತಮ್ಮ ಮಾತ್ರ ಹೋಗಿದ್ದ. ಇವತ್ತು ತಮ್ಮನ ಮೇಲಿಟ್ಟ ನಂಬಿಕೆಯೂ ಹೋಯಿತು.

ಮಂಗಳಾ ಮೊರ ಕೆಳಗಿಟ್ಟಳು.

"ಅವರ ಅಂಗಿ ಗುಂಡಿ ನಾನೇ ಹಾಕ್ತಿದ್ದೆ ಭಾವ."

"ಕೊನೆ ಕೊನೆಗೆ ಹಾಕ್ತಿದ್ದೆ. ನೋಡಿದ್ದೀನಲ್ಲ."

"ಕೊನೆಗಲ್ಲ. ಈ ತಗಡು ಮುಚ್ಚೋಕೂ ಎರಡು ತಿಂಗಳು ಮುಂಚಿಂದ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಅಣ್ಣನಿಗೆ ಹೇಳಬೇಡ ಅಂತ ಕೈ ಮೇಲೆ ಕೈ ಹಾಕಿಸಿಕೊಂಡಿದ್ರು. ಗೊತ್ತಾದ್ರೆ ಸ್ಪ್ಯಾನರ್ ಕಿತ್ಕೊಂಡು ಮೂಲೆಲಿ ಕೂರಿಸ್ತಾರೆ ಅಂತ ಭಯ. ಕೈ ಸರಿಹೋಗುತ್ತೆ, ಸರಿಹೋದ ಮೇಲೆ ಎಲ್ಲಾ ಸರಿಮಾಡ್ತೀನಿ ಅಂತಿದ್ರು. ನಾನು ಕಾಯಿಲೆ ಮಾತು ಅಂದ್ಕೊಂಡೆ. ನಟ್ಟಿನ ಮಾತು ಅಂತ ನನಗೇನು ಗೊತ್ತು?"

ಇಂದುಧರ ಅವಳ ಮುಖ ನೋಡಿದ. ಎರಡು ತಿಂಗಳು. ದಿನಾ ಸಂಜೆ ತಾನು ಇದೇ ಹಾಲಿನಲ್ಲಿ, ಇಷ್ಟೇ ದೂರದಲ್ಲಿ, ಬಲರೆಕ್ಕೆಗೆ ಬೆನ್ನು ಬಗ್ಗಿಸಿಕೊಂಡು ಕೆಲಸ ಮಾಡುತ್ತಿದ್ದ. ಒಂದು ಸಲವೂ ತಿರುಗಿ ತಮ್ಮನ ಕೈ ನೋಡಿರಲಿಲ್ಲ. ಬೇಗ ಮುಗಿಸೋ, ಬೇಗ ಮುಗಿಸೋ ಅಂತ ರೇಗಿಸಿದ್ದೇ ರೇಗಿಸಿದ್ದು.

"ಹದಿನಾಲ್ಕನೇ ನಟ್ಟು ಬಿಚ್ಚಿ ಕೈಗೆ ತಗೋ" ಅಂದರು ಆರಾಧ್ಯರು.

ಬಿಚ್ಚಿ ಅಂಗೈಯಲ್ಲಿ ಇಟ್ಟುಕೊಂಡ.

"ಮೊದಲನೇದನ್ನೂ ಬಿಚ್ಚು. ಎರಡನ್ನೂ ಬೆರಳಲ್ಲಿ ತಡವಿ ನೋಡು."

ಮೊದಲನೇ ನಟ್ಟಿನ ಆರು ಮೂಲೆಗಳೂ ಚೂಪಾಗಿದ್ದವು, ಪೊಟ್ಟಣದಿಂದ ಈಗಷ್ಟೇ ತೆಗೆದ ಹಾಗೆ. ಹದಿನಾಲ್ಕನೆಯದರ ಮೂಲೆಗಳು ಸವೆದು ಉರುಟಾಗಿದ್ದವು. ಮೈಯೆಲ್ಲ ಗೀರು.

"ಯಾಕೆ ಹಾಗಾಗಿದೆ?"

ಇಂದುಧರನಿಗೆ ಗೊತ್ತಿತ್ತು. ಸ್ಪ್ಯಾನರ್ ಹಿಡಿತ ತಪ್ಪಿ ಜಾರಿದಾಗ ಹಾಗಾಗುತ್ತದೆ. ಒಂದು ಸಲ ಜಾರಿದರೆ ಒಂದು ಗೀರು. ಈ ನಟ್ಟಿನ ಮೇಲೆ ಎಷ್ಟು ಗೀರಿದ್ದವೋ, ಎಣಿಸಲು ಅವನ ಕಣ್ಣು ಮಂಜಾಗಿತ್ತು.

"ಜಾರಿದೆ ಗುರುಗಳೇ. ಮತ್ತೆ ಹಾಕಿದ್ದಾನೆ. ಮತ್ತೆ ಜಾರಿದೆ."

"ಹೂಂ."

ನಟ್ಟನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಇಂದುಧರ ಅತ್ತ. ಮುಚ್ಚುಮರೆ ಇಲ್ಲದೆ, ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಮಂಗಳಾ ಒಳಗೆ ಹೋಗಿ ಒಲೆ ಹಚ್ಚಿದಳು. ಗುರುಗಳು ನೆಲ ನೋಡುತ್ತ ಕೂತರು.

ಅತ್ತು ಮುಗಿದ ಮೇಲೆ ಎದ್ದು ಮುಖ ತೊಳೆದು ಬಂದ. ಆ ಹದಿನಾಲ್ಕನ್ನೂ ತೆಗೆದು ಹೊಸ ನಟ್ಟು ಹಾಕಿದ. ಮೊದಲಿಂದ ಕೊನೇವರೆಗೆ ಹದಿನಾಲ್ಕು ಸಲ ಟಕ್ ಅನ್ನಿಸಿದ. ಒಂದೊಂದು ಟಕ್ ಆದ ಮೇಲೆ ಒಂದೊಂದು ಗೆರೆ ಎಳೆದ. ಅವನ ಗೆರೆಗಳು ತಮ್ಮನ ಗೆರೆಗಳಷ್ಟು ನೇರವಾಗಿರಲಿಲ್ಲ.

ಆಮೇಲೆ ಪುಸ್ತಕ ತಂದ. ಭೂಷಣನ ಹೆಸರಿನ ಮೇಲೆ ಗೀಟು ಹಾಕಲು ಕೈ ಬರಲಿಲ್ಲ. ಅದರ ಕೆಳಗೆ ತನ್ನ ಹೆಸರು ಬರೆದ.

ಪುಸ್ತಕವನ್ನು ಗುರುಗಳ ತೊಡೆಯ ಮೇಲೆ ಇಟ್ಟ. ಪೆನ್ನು ಕೊಡಲು ಹೋದವನು ಅರ್ಧಕ್ಕೇ ನಿಂತ. ಒಂದು ಗಳಿಗೆ ಯೋಚನೆ ಮಾಡಿ ಪೆನ್ನನ್ನು ಜೇಬಿಗೆ ಹಾಕಿಕೊಂಡ. ಸ್ಪ್ಯಾನರ್ ಎತ್ತಿ ಎರಡೂ ಕೈಯಲ್ಲಿ ಹಿಡಿದು ಚಾಚಿದ.

"ತಪ್ಪು ತಿಳೀಬೇಡಿ ಗುರುಗಳೇ. ನೀವೂ ಒಂದೊಂದು ನಟ್ಟಿಗೂ ಹಾಕಿ ನೋಡಿ. ಸಹಿ ಆಮೇಲೆ ಹಾಕಿ."

ಇಷ್ಟು ವರ್ಷದಲ್ಲಿ ಅವನು ಗುರುಗಳಿಗೆ ಹೀಗೆ ಮಾಡಿ ಅಂತ ಹೇಳಿದ್ದು ಇದೇ ಮೊದಲು. ಬೈಸಿಕೊಳ್ಳಲು ಸಿದ್ಧನಾಗಿಯೇ ನಿಂತ.

ಆರಾಧ್ಯರು ಬಯ್ಯಲಿಲ್ಲ. ಮುಖ ಮೇಲೆತ್ತಿ ಶಿಷ್ಯನನ್ನು ನೋಡಿದರು. ಆಮೇಲೆ ಶಾಲಿನೊಳಗಿಂದ ಕೈ ಹೊರಗೆ ತೆಗೆದರು.

ಆ ಕೈಗಳನ್ನು ಇಂದುಧರ ಹೊಸದಾಗಿ ನೋಡಿದ. ಗೆಣ್ಣುಗಳು ಊದಿ, ಬೆರಳುಗಳು ಒಳಕ್ಕೆ ಮಡಚಿಕೊಂಡು, ಶುಂಠಿಯ ತುಂಡಿನ ಹಾಗಿದ್ದವು. ಸ್ಪ್ಯಾನರ್ ಆ ಬೆರಳುಗಳ ನಡುವೆ ಎರಡು ಕ್ಷಣ ನಿಂತಿತು. ಮೂರನೇ ಕ್ಷಣಕ್ಕೆ ಜಾರಿ ಠಣ್ ಅಂತ ನೆಲಕ್ಕೆ ಬಿತ್ತು.

ಟೀ ತಂದಿದ್ದ ಮಂಗಳಾ ಬಾಗಿಲಲ್ಲೇ ನಿಂತಳು.

"ಯಾವಾಗಿಂದ ಗುರುಗಳೇ?" ಅಂದ ಇಂದುಧರ.

"ನೀವಿಬ್ಬರೂ ಬರೋಕೆ ಮುಂಚಿಂದ. ಮುಟ್ಟದೇ ಕಲಿಸ್ತೀನಿ ಅಂತ ಊರೆಲ್ಲ ಹೊಗಳ್ತಿದ್ದೆಯಲ್ಲ, ಕೇಳೋಕೆ ಚೆನ್ನಾಗಿತ್ತು. ಸುಮ್ಮನಿದ್ದೆ."

"ಅವತ್ತು... ಎಡರೆಕ್ಕೆಗೆ ಸಹಿ ಹಾಕಿದ ದಿನ?"

"ಅವತ್ತು ಪೆನ್ನು ಕೊಟ್ಟವನು ಭೂಷಣ. ಕೊಡುವಾಗ ಅವನ ಬೆರಳು ನೋಡಿದೆ. ತಗೊಳ್ಳುವಾಗ ಅವನು ನನ್ನ ಬೆರಳು ನೋಡಿದ. ಇಬ್ಬರೂ ತುಟಿ ಪಿಟಿಕ್ ಅನ್ನಲಿಲ್ಲ. ಸ್ಪ್ಯಾನರ್ ಹಾಕದೆ, ಬರೀ ಗೆರೆ ನೋಡಿ ಸಹಿ ಹಾಕಿದೆ. ಅವನು ನನ್ನ ಮಾನ ಕಾಪಾಡಿದ, ನಾನು ಅವನದು ಕಾಪಾಡಿದೆ." ಆರಾಧ್ಯರು ಕೈಗಳನ್ನು ಮತ್ತೆ ಶಾಲಿನೊಳಗೆ ಎಳೆದುಕೊಳ್ಳಲಿಲ್ಲ, ತೊಡೆಯ ಮೇಲೆ ಹಾಗೇ ಬಿಟ್ಟರು. "ಬೇಕಾಗಿದ್ದದ್ದು ನಿಮ್ಮಿಬ್ಬರ ಜೀವ ಕಾಪಾಡೋದು. ಅದು ಎರಡು ವರ್ಷ ಆದ ಮೇಲೆ ನೆನಪಾಯಿತು."

ತಟ್ಟೆಯ ಮೇಲಿನ ಟೀ ಆರಿಹೋಯಿತು. ತೆರೆದ ರೆಕ್ಕೆಯ ಒಳಗೆ ಹದಿನಾಲ್ಕು ಹೊಸ ಗೆರೆಗಳು ಇನ್ನೂ ಹಸಿಯಾಗಿದ್ದವು.

ಆರಾಧ್ಯರು ಎಡರೆಕ್ಕೆಯ ಪುಟವನ್ನು ಮಣಿಕಟ್ಟಿನಿಂದ ಇಂದುಧರನ ಕಡೆ ತಳ್ಳಿದರು.

"ನನ್ನ ಹೆಸರು ಹೊಡೆದುಹಾಕು."

ಇಂದುಧರ ಪೆನ್ನು ತೆಗೆದ. ಕೋಳಿಕಾಲಿನ ಅಕ್ಷರದ ಮೇಲೆ ಒಂದು ಗೀಟು ಎಳೆದ.

"ಹಾಗಾದ್ರೆ ಇದಕ್ಕೆ ಯಾರ ಸಹಿ ಹಾಕಿಸಲಿ ಗುರುಗಳೇ? ನಿಮ್ಮನ್ನ ಬಿಟ್ರೆ ನನಗೆ ಯಾರಿದ್ದಾರೆ?"

ಆರಾಧ್ಯರು ನೆಲದ ಮೇಲೆ ಬಿದ್ದಿದ್ದ ಸ್ಪ್ಯಾನರನ್ನು ಊರುಗೋಲಿನಿಂದ ಅವನ ಕಾಲ ಹತ್ತಿರಕ್ಕೆ ಸರಿಸಿದರು.

"ಯಾರನ್ನಾದರೂ ಹುಡುಕು. ಎಷ್ಟೇ ದೊಡ್ಡವರಿರಲಿ, ಪೆನ್ನು ಕೊಡೋಕೆ ಮುಂಚೆ ಇದನ್ನ ಕೊಡು."